ಕೂಗಿನ ಮನೆಯ ಸೂರಪ್ಪನ ಬಲೆಯಿಲ್ಲದ ಬೇಟೆ

ಹರಿಹರದ ಬಸ್ ನಿಲ್ದಾಣದಲ್ಲಿ ಸೂರಪ್ಪ ನಿಂತು "ಮಲೇಬೆನ್ನೂರ್, ಮಲೇಬೆನ್ನೂರ್, ಮಲೇಬೆನ್ನೂರ್!" ಎಂದು ಕೂಗಿದನೆಂದರೆ, ಈ ಬಸ್ಸಿಗೋ ಮುಂದಿನ ಬಸ್ಸಿಗೋ ಎಂದು ಅನುಮಾನಿಸುತ್ತ ಕೂತವರು ಕೂಡ ಚೀಲ ಎತ್ತಿಕೊಂಡು ಹತ್ತಿಬಿಡುತ್ತಿದ್ದರು. ಕಿವಿಯನ್ನು ನೋಯಿಸದೆ ಎದೆಗೆ ಬಂದು ತಾಗಿ, ಬೆನ್ನ ಹಿಂದಿನಿಂದ ಮೆಲ್ಲಗೆ ನೂಕುವಂಥ ದನಿ ಅದು. ಖಾಸಗಿ ಬಸ್ಸಿನವರೂ ಟೆಂಪೊದವರೂ ಅವನಿಗಾಗಿ ಜಗಳವಾಡುತ್ತಿದ್ದರು. "ಸೂರಪ್ಪ ಕೂಗಿದ್ರೆ ಲೈಟಿನ ಕಂಬನೂ ಟಿಕೇಟ್ ಕೇಳ್ತೈತೆ" ಎಂದು ಟೆಂಪೊ ಓಡಿಸುವ ಹಯಾತ್ ಸಾಬ್ ನಗುತ್ತಿದ್ದ.

ಆದರೆ ಆ ದನಿಯನ್ನು ತಲೆಮಾರುಗಳು ಕೂಡಿ ತಿದ್ದಿ ತೀಡಿದ್ದು ಬಸ್ಸಿಗಾಗಿ ಆಗಿರಲಿಲ್ಲ. ಚಿಗರಿಗಾಗಿ.

ದೊಡ್ಡವರು ಕೃಷ್ಣಮೃಗ ಎನ್ನುವುದನ್ನು ಗುತ್ತೂರಿನವರು ಚಿಗರಿ ಎನ್ನುತ್ತಾರೆ. ಹಿಂದೆ ಯುಗಾದಿ ಕಳೆದ ವಾರದಲ್ಲಿ ಊರಿನ ಬೇಟೆಯ ಮನೆತನದವರೆಲ್ಲ ಹೊಳೆದಂಡೆಯ ಬಯಲಿಗೆ ಹೊರಡುತ್ತಿದ್ದರು. ಆ ಮನೆತನಗಳಲ್ಲಿ ಎರಡು ಬಗೆ. ಒಬ್ಬರು ಬಲೆಯವರು: ಇಕ್ಕಟ್ಟಾದ ಜಾಗದಲ್ಲಿ ಬಲೆ ಕಟ್ಟಿ, ಅದರ ಹಿಂದೆ ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕೂರುವವರು. ಇನ್ನೊಬ್ಬರು ಕೂಗಿನವರು: ದೂರದಲ್ಲಿ ಸಾಲಾಗಿ ನಿಂತು, ದನಿಯನ್ನು ಜಮಖಾನದ ಹಾಗೆ ಬಯಲಿನ ಮೇಲೆ ಹಾಸಿ, ಹಿಂಡನ್ನು ಬಲೆಯ ಕಡೆಗೆ ನಡೆಸುವವರು. ಜಮಖಾನ ಎಲ್ಲಿ ಹರಿದಿದೆಯೋ ಅಲ್ಲಿ ಚಿಗರಿ ನುಸುಳುತ್ತದೆ. ಆದ್ದರಿಂದ ಒಬ್ಬನ ಉಸಿರು ಮುಗಿಯುವುದರೊಳಗೆ ಪಕ್ಕದವನ ದನಿ ಏಳಬೇಕು. ಎಲ್ಲಕ್ಕಿಂತ ಮೊದಲು ಏಳುವ ಕೂಗು ಮಾತ್ರ ಒಂದೇ ಮನೆಯದು, ಸೂರಪ್ಪನ ಮನೆಯದು.

ಆ ಮೊದಲ ಕೂಗನ್ನು ಸೂರಪ್ಪ ಒಮ್ಮೆಯೂ ಹಾಕಿರಲಿಲ್ಲ. ಅವನ ಅಪ್ಪ ಮಾಲತೇಶಪ್ಪನ ಕಾಲದಲ್ಲೇ ಬೇಟೆ ನಿಂತಿತು. ನಿಂತ ಬಗೆಯನ್ನು ನೆನೆದು ಊರು ಇವತ್ತಿಗೂ ನಗುತ್ತದೆ. ಬೇಟೆಯಲ್ಲಿ ಪಾಲಿನ ರೂಢಿ ಬಲು ಕಟ್ಟುನಿಟ್ಟು. ಕೂಗಿದವನಿಗೆ ಒಂದು ಪಾಲು, ಬಲೆಯವನಿಗೆ ಒಂದು, ನಾಯಿಗೆ ಒಂದು, ಬಸುರಿಯಿರುವ ಮನೆಗೆ ಒಂದು, ಆ ಹೊತ್ತಿಗೆ ದಾರಿಯಲ್ಲಿ ಹೋಗುತ್ತ ಕಣ್ಣಿಂದ ಕಂಡವನಿಗೂ ಒಂದು. ಒಂದು ವರ್ಷ ಹೊಲದ ಬದುವಿನ ಮೇಲೆ ಸೈಕಲ್ ನಿಲ್ಲಿಸಿ ಯಾರೋ ನೋಡುತ್ತಿದ್ದುದನ್ನು ಕಂಡ ಮಾಲತೇಶಪ್ಪ, ಕಂಡವನಿಗೆ ಪಾಲು ತಪ್ಪಿಸಿದರೆ ಮುಂದಿನ ವರ್ಷ ಬಯಲು ಬರಿದಾಗುತ್ತದೆಂದು ಹೆದರಿ, ಅವನ ಮನೆ ಹುಡುಕಿಸಿ, ಪಾಲನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಕಳಿಸಿದ. ಆ ಮನೆ ಅರಣ್ಯ ಇಲಾಖೆಯ ಗಾರ್ಡಿನದು. ಸಾಕ್ಷಿಯನ್ನು ಕಳ್ಳರೇ ಬಾಗಿಲಿಗೆ ತಂದುಕೊಟ್ಟ ಮೊಕದ್ದಮೆ ಅದೊಂದೇ ಇರಬೇಕು. ಬಲೆಗಳು ಜಪ್ತಿಯಾದವು, ಗಂಡಸರು ಕೋರ್ಟು ಅಲೆದರು, ಮಾಲತೇಶಪ್ಪ ಬಾಯಿ ಕಟ್ಟಿಕೊಂಡು ಕೂತ. ಹೊಸದಾಗಿ ದನಿ ಪಳಗಿಸಿಕೊಂಡಿದ್ದ ಮಗ ಕೂಗುವುದಕ್ಕೆ ಬೇರೆ ಜಾಗ ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಬಂದ.

ಕೊಲ್ಲುವ ಆಸೆ ಅವನಿಗೆ ಎಂದೂ ಇರಲಿಲ್ಲ. ಬಲೆಗೆ ಬಿದ್ದ ಚಿಗರಿಯ ಕಣ್ಣನ್ನು ಎಳವೆಯಲ್ಲೊಮ್ಮೆ ಕಂಡವನು ಆಮೇಲೆ ಬಲೆಯ ಹತ್ತಿರ ಸುಳಿದಿರಲಿಲ್ಲ. ಅವನ ಆಸೆ ಕೂಗಿನದು ಮಾತ್ರ. ಹಗಲ ಬೆಳಕಿನಲ್ಲಿ, ಯಾರ ಹೆದರಿಕೆಯೂ ಇಲ್ಲದೆ, ಬಯಲಿನಲ್ಲಿ ನಿಂತು ಮೊದಲ ಕೂಗು ಹಾಕಬೇಕು, ಅದಕ್ಕೆ ಓಗೊಟ್ಟು ಇಡೀ ಸಾಲು ಏಳಬೇಕು, ದೂರದಲ್ಲಿ ಹಿಂಡು ಕತ್ತೆತ್ತಬೇಕು. ಈಚೆಗೆ ಸಂಜೆಯಾದರೆ ಅವನ ಗಂಟಲು ಒಡೆಯುತ್ತಿತ್ತು. ಈ ದನಿ ಇನ್ನೆಷ್ಟು ದಿನ ಎಂಬ ಯೋಚನೆ ಬಂದಾಗಲೆಲ್ಲ ಅವನು ಇನ್ನೂ ಗಟ್ಟಿಯಾಗಿ ಮಲೇಬೆನ್ನೂರನ್ನು ಕರೆಯುತ್ತಿದ್ದ.

ಇಂಥ ಹೊತ್ತಿನಲ್ಲಿ ಹಯಾತ್ ಸಾಬ್ ಸುದ್ದಿ ತಂದ. ಟೆಂಪೊದಿಂದ ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದ.

"ಸೂರಪ್ಪಾ, ಖುಷ್ ಖಬರ್! ದಾವಣಗೇರಿಯಾಗೆ ಫಾರೆಸ್ಟಿನೋರು ಮೀಟಿಂಗ್ ಕರದಾರೆ. ಚಿಗರಿ, ಜಿಂಕಿ, ಹಂದಿ ಇವುಗಳ ಕಾಯ್ದೆಯಾಗೆ ಏನೇನು ಬದಲಾಗ್ಬೇಕು ಅಂತ ಜನಾನೇ ಹೇಳ್ಬೇಕಂತೆ. ರೈತ್ರೂ ಬರ್ಬೋದು, ಹಳೇ ಬೇಟೆಗಾರ್ರೂ ಬರ್ಬೋದು!"

"ಬೇಟೆಗಾರ್ರು ಅಂತ ಬಾಯ್ಬಿಟ್ಟು ಕರದಾರೇನು?"

"ಕರದಾರೆ ಮಾರಾಯಾ. ಈ ಸಲ ಎಲೆಯಾಗೆ ಕಟ್ಟಿ ಏನೂ ತಗೊಂಡು ಹೋಗ್ಬ್ಯಾಡ, ಅಷ್ಟೇ."

ಅವತ್ತು ಸಂಜೆ ಗುತ್ತೂರಿನ ಹೋಟೆಲಿನ ಮುಂದೆ ಬೆಂಚು ಸಾಲದಷ್ಟು ಜನ. ಹೊಳೆ ಬತ್ತಿದ ಬೇಸಿಗೆಯಲ್ಲಿ ಆಚೆ ದಂಡೆಯ ಹುಲ್ಲುಗಾವಲಿನಿಂದ ಚಿಗರಿಗಳು ಮರಳು ದಾಟಿ ಬಂದು, ಪಂಪ್‌ಸೆಟ್ಟಿನ ನೀರಿನಲ್ಲಿ ಬೆಳೆದ ಮೆಕ್ಕೆಜೋಳದ ಎಳೆಯ ಸುಳಿ ಮೇಯುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಓಡಿಸಹೋದರೆ ಕೇಸು ಬೀಳುವ ಹೆದರಿಕೆ. ಹಿಡಿಯುವುದಕ್ಕಾಗಿ ಅಟ್ಟಿದರೂ ಅದು ಬೇಟೆಯೇ ಎನ್ನುತ್ತದೆ ಕಾಯ್ದೆ. ಕೋಲು ಹಿಡಿದು ಚಿಗರಿಯ ಹಿಂದೆ ಓಡುವ ಗುಂಪು ಹಿಡಿಯಲು ಓಡುತ್ತಿದೆಯೋ ಬೆಳೆ ಉಳಿಸಲು ಓಡುತ್ತಿದೆಯೋ ಎಂದು ದೂರದಿಂದ ನೋಡಿದವರು ಹೇಗೆ ಹೇಳಬೇಕು?

"ಹಂದಿಗೆ ಕೊಟ್ಟಂಗೆ ಚಿಗರಿಗೂ ಪರ್ಮಿಷನ್ ಕೊಡ್ರಿ ಅನ್ನಾಣ. ಬಂದೂಕಿನ ಲೈಸೆನ್ಸ್ ಕೊಡ್ಲಿ" ಎಂದ ಒಬ್ಬ.

"ನಿನ್ನ ಕೈಗೆ ಬಂದೂಕು ಕೊಟ್ರೆ ಚಿಗರಿ ಉಳೀತೈತೆ, ನಮ್ಮ ಎಮ್ಮಿ ಹೋಗ್ತೈತೆ" ಎಂದು ಇನ್ನೊಬ್ಬ.

ಸೂರಪ್ಪನ ಹೆಂಡತಿ ಪುಟ್ಟಕ್ಕನ ಅಣ್ಣ ಹಾಲೇಶಪ್ಪ ಎದ್ದು ನಿಂತ. ಬಲೆಯವರ ಹಿರಿಯ, ಮಾತು ಕಡಿಮೆ, ಮೀಸೆ ಜಾಸ್ತಿ.

"ಬಂದೂಕು ಗಿಂದೂಕು ಬ್ಯಾಡ. ನಮ್ಮ ಬಲೆ ವಾಪಸ್ ಕೊಡ್ಲಿ. ವರ್ಷದಾಗೆ ಒಂದು ದಿನ, ಒಂದೇ ಒಂದು ಚಿಗರಿ. ಅಷ್ಟು ಬಿಟ್ರೆ ಸಾಕು."

"ಬಾವಾ, ಅದು ಆಗಾದಲ್ಲ" ಎಂದ ಸೂರಪ್ಪ. "ಕೊಲ್ಲಾದು ಕೇಳಿದ್ರೆ ಅವ್ರು ಬಾಗ್ಲು ಹಾಕ್ಕೊಂತಾರೆ. ಅಟ್ಟಾದು ಕೇಳಾಣ. ಬಲೆ ಇಲ್ದೆ, ಕೋಲು ಇಲ್ದೆ, ನಾಯಿ ಇಲ್ದೆ, ಬರೇ ಕೂಗಿನಾಗೆ ಅಟ್ಟಾದು ಬೇಟೆ ಅಲ್ಲ ಅಂತ ಒಂದು ಮಾತು ಕಾಯ್ದೆಯಾಗೆ ಬರ್ಲಿ."

ಹಾಲೇಶಪ್ಪ ಮೀಸೆಯೊಳಗೇ ನಕ್ಕ. "ಅಂದ್ರ ಕೂಗಿನೋರಿಗೆ ಹಬ್ಬ, ಬಲೆಯೋರಿಗೆ ಏಕಾದಶಿ. ಬಲೆ ಇಲ್ದ ಬೇಟೆ ಅಂದ್ರ ಏನಲೇ ಅದು? ಗಂಡಿಲ್ದ ಮದುವಿ."

ಹೋಟೆಲು ಗೊಳ್ಳೆಂದಿತು. ಆದರೂ ಕೊನೆಗೆ ಕೇಳಬೇಕಾದ್ದು ಅದೇ ಎಂದಾಯಿತು, ಹೇಳಬೇಕಾದವನು ಸೂರಪ್ಪ ಎಂದೂ ಆಯಿತು. ಅವನು ಮನೆಗೆ ಬಂದಾಗ ಪುಟ್ಟಕ್ಕ ಮುಖ ನೋಡಿಯೇ ತಿಳಿದುಕೊಂಡಳು. ಮದುವೆಯ ದಿನ ಕೂಡ ಗಂಡನ ಕಣ್ಣು ಇಷ್ಟು ಹೊಳೆದಿರಲಿಲ್ಲ ಎಂದು ಅವಳು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಸಭೆಯ ದಿನ ಬೆಳಗ್ಗೆ ಸೂರಪ್ಪ ಮಾತಾಡಲಿಲ್ಲ. ಬೇಟೆಯ ದಿನ ಮೊದಲ ಕೂಗಿನವನು ಎದ್ದ ಗಳಿಗೆಯಿಂದ ಕೂಗುವ ಗಳಿಗೆಯವರೆಗೆ ತುಟಿ ಬಿಚ್ಚಬಾರದು. ಕೂಡಿಟ್ಟ ದನಿಯೇ ಬಯಲು ತುಂಬುತ್ತದೆ ಎಂಬುದು ಆ ಮನೆಯ ನಂಬಿಕೆ. ಅಪ್ಪನಿಂದ ಬಂದ ಆ ವ್ರತವನ್ನು ಅವನು ದಾವಣಗೆರೆಯ ಸಭೆಗೂ ಹಿಡಿದುಕೊಂಡು ಹೊರಟ. ಪುಟ್ಟಕ್ಕ ಜೀರಿಗೆ ಬೆಲ್ಲ ಅಂಗೈಗೆ ಹಾಕಿದಳು, ಅವನು ಕಣ್ಣಲ್ಲೇ ಹೋಗಿಬರುತ್ತೇನೆ ಎಂದ. ಹಯಾತ್ ಸಾಬನ ಟೆಂಪೊದಲ್ಲಿ ದಾರಿಯುದ್ದಕ್ಕೂ ಎಲ್ಲರೂ ಮಾತಾಡಿದರು, ಅವನೊಬ್ಬ ಬೆಲ್ಲ ಚೀಪಿದ.

ಸಭಾಂಗಣದಲ್ಲಿ ಅರಣ್ಯ ಅಧಿಕಾರಿ ನೇತ್ರಾವತಿ ಮೇಡಂ ಮೇಜಿನ ಹಿಂದೆ ಕೂತಿದ್ದರು. ಸಣ್ಣ ವಯಸ್ಸು, ಬಿಸಿಲಿಗೆ ಕಂದಿದ ಮುಖ, ನೇರ ಮಾತು. ಮೊದಲು ಹದಡಿ ಕಡೆಯ ರೈತರು ಎದ್ದು ಬಂದೂಕಿನ ಅಪ್ಪಣೆ ಕೇಳಿದರು. ಮೇಡಂ ತಾಳ್ಮೆಯಿಂದ ಕೇಳಿ, "ಕೃಷ್ಣಮೃಗ ಕೊಲ್ಲೋದು ನನ್ನ ಕೈಲೂ ಇಲ್ಲ, ಬೆಂಗಳೂರಿನ ಕೈಲೂ ಇಲ್ರಿ. ಅದು ದಿಲ್ಲಿ ಕಾನೂನು, ಬಹಳ ಗಟ್ಟಿ ಕಾನೂನು. ಬೇರೆ ಏನಾದ್ರೂ ಇದ್ರೆ ಹೇಳಿ" ಎಂದರು. ಆಮೇಲೆ ಗುತ್ತೂರಿನವರ ಸರದಿ. ಸೂರಪ್ಪ ಎದ್ದು ಮೈಕಿನ ಮುಂದೆ ನಿಂತ.

"ನಿಮ್ಮ ಹೆಸರೇನ್ರಿ?"

ಸೂರಪ್ಪ ಕೈಮುಗಿದ. ಮೊದಲು ಬಾಯಿಂದ ಹೊರಡಬೇಕಾದ್ದು ಕೂಗು. ಹೆಸರಿಗೆ ಖರ್ಚು ಮಾಡಿದರೆ ವ್ರತ ಕೆಟ್ಟಂತೆ.

"ಹೆಸರು ಹೇಳ್ರಿ, ಯಾವೂರು?"

ಅವನು ಮತ್ತೊಮ್ಮೆ ಕೈಮುಗಿದ. ಮೇಡಂ ಪಕ್ಕದವರನ್ನು ನೋಡಿ ಮೆಲ್ಲಗೆ, "ಪಾಪ, ಮಾತು ಬರಲ್ಲ ಅನ್ಸುತ್ತೆ. ಇವ್ರ ಪರವಾಗಿ ಯಾರಾದ್ರೂ ಮಾತಾಡ್ರಿ" ಎಂದರು.

"ಮಾತು ಬರಾದಿಲ್ವೇ!" ಹಯಾತ್ ಸಾಬ್ ಹಿಂದಿನ ಸಾಲಿನಿಂದ ಹಾರಿ ನಿಂತ. "ಮೇಡಮ್ಮೋರೆ, ಹರಿಹರ ಸ್ಟ್ಯಾಂಡಿನಾಗೆ ಇವ್ನ ಬಾಯಿ ಮುಚ್ಸೋಕೆ ಪೊಲೀಸ್ರಿಗೂ ಆಗಿಲ್ಲ! ಲೇ ಸೂರಪ್ಪಾ, ಕೂಗೋ ಮಾರಾಯಾ, ಇದೇ ಬಯಲು ಅಂತ ತಿಳ್ಕೋ!"

ಸೂರಪ್ಪನಿಗೂ ಬೇರೆ ದಾರಿ ಕಾಣಲಿಲ್ಲ. ಕಣ್ಣು ಮುಚ್ಚಿದ, ಎದೆ ತುಂಬ ಉಸಿರೆಳೆದುಕೊಂಡ, ಕೂಗಿದ.

ಮೈಕು ಕಿರ್‍ರೆಂದು ಸತ್ತುಹೋಯಿತು. ಕಿಟಕಿಯ ಮೇಲಿದ್ದ ಪಾರಿವಾಳಗಳು ರಪರಪನೆ ಹಾರಿದವು. ಮುಂದಿನ ಸಾಲಿನವರೆಲ್ಲ ಯಾಕೆಂದು ತಿಳಿಯದೆ ಎದ್ದು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರು. ಮೇಡಂ ಕೂಡ ಅರ್ಧ ಎದ್ದಿದ್ದರು. ಆ ನಿಶ್ಶಬ್ದದಲ್ಲಿ ಸೂರಪ್ಪ ಎಂದಿನ ದನಿಯಲ್ಲಿ, "ನನ್ನ ಹೆಸ್ರು ಸೂರಪ್ಪ ರೀ, ಗುತ್ತೂರು. ಇದೇ ರೀ ನಾವು ಕೇಳಾದು. ಈಗ ನೀವೆಲ್ಲ ಎದ್ರಲ್ಲ, ಯಾರಿಗಾದ್ರೂ ಪೆಟ್ಟಾತೇನು? ಹಿಂಗೇ ಚಿಗರಿ ಏಳಿಸಿ ಹೊಲ ದಾಟ್ಸೋಕೆ ಅಪ್ಪಣೆ ಕೊಡ್ರಿ. ನಮಗೆ ಕೂಗು ಉಳೀಲಿ, ರೈತನಿಗೆ ಬೆಳೆ ಉಳೀಲಿ, ಚಿಗರಿಗೆ ಜೀವ ಉಳೀಲಿ" ಎಂದ.

ಸಭೆ ಚಪ್ಪಾಳೆ ತಟ್ಟಿತು. ನೇತ್ರಾವತಿ ಮೇಡಂ ತಟ್ಟಲಿಲ್ಲ.

"ಮನುಷ್ಯರು ಎದ್ದು ನಿಲ್ತಾರೆ ಸೂರಪ್ಪನವ್ರೇ, ಕೃಷ್ಣಮೃಗ ಗಾಬರಿಗೇ ಸಾಯುತ್ತೆ. ಎದೆ ಒಡೆದು ಸತ್ತದ್ದನ್ನ ನಾನೇ ನೋಡಿದೀನಿ. ನಿಮ್ಮ ಹರಿಹರದ ಹತ್ರ ಬಾಗಿಲು ಹಾಕಿದ ಹಳೇ ಗಿರಣಿ ಒಂದಿದೆ, ಗೊತ್ತಲ್ಲ? ಅದರ ಕಾಂಪೌಂಡಿನೊಳಗೆ ಒಂದು ಹಿಂಡು ಸೇರ್ಕೊಂಡಿದೆ. ಒಂದು ಕಡೆ ಹೈವೇ, ಇನ್ನೊಂದು ಕಡೆ ನಾಯಿಗಳು. ಬಲೆ ಹಾಕಿ ಹಿಡಿಯೋಕೆ ನನಗೆ ಭಯ. ಇಲಾಖೆ ಕೆಲಸ ಅಂತ ನಾನು ಲಿಖಿತ ಅಪ್ಪಣೆ ತರಿಸ್ತೀನಿ. ನೀವು ಕೂಗಿ ಹೊಳೆಗೆ ದಾಟಿಸಿ ತೋರಿಸಿ. ಒಂದೂ ಸಾಯದೆ ದಾಟಿದ್ರೆ, ನಿಮ್ಮ ಬೇಡಿಕೆಯನ್ನ ನಾನೇ ಶಿಫಾರಸು ಮಾಡ್ತೀನಿ. ಒಂದು ಸತ್ರೂ ಈ ಮಾತನ್ನ ಮತ್ತೆ ಯಾರೂ ಎತ್ತಬಾರದು."

"ಆತು ರೀ" ಎಂದ ಸೂರಪ್ಪ.

ಆ ವಾರ ಗುತ್ತೂರಿನಲ್ಲಿ ಬೇರೆ ಮಾತೇ ಇಲ್ಲ. ಎಷ್ಟೋ ವರ್ಷ ಬಾಯಿ ಕಟ್ಟಿಕೊಂಡಿದ್ದ ಕೂಗಿನವರು ಹಿತ್ತಿಲಲ್ಲಿ ನಿಂತು ದನಿ ಪಳಗಿಸಿದರು. ಹಸುಗಳು ಬೆದರಿ ಹಾಲು ಏರಿಸಿಕೊಂಡವು, ಹೆಂಗಸರು ಬೈದರು, ಬೈಯುತ್ತಲೇ ಜೀರಿಗೆ ಕುಟ್ಟಿ ಕೊಟ್ಟರು. ಬಲೆಯವರಿಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಆದರೂ ಹಾಲೇಶಪ್ಪ, "ನಾವೂ ಬರ್ತೀವಿ. ಸುಮ್ನೆ ಹಿಂದ್ಗಡೆ ಇರ್ತೀವಿ" ಎಂದ. ಬೇಡವೆನ್ನಲು ಸೂರಪ್ಪನಿಗೆ ಮನಸ್ಸು ಬರಲಿಲ್ಲ.

ಗೊತ್ತಾದ ದಿನ ಬೆಳಗ್ಗೆ ಗಿರಣಿಯ ಕಾಂಪೌಂಡು ಇಬ್ಬನಿಯಲ್ಲಿ ಮಿನುಗುತ್ತಿತ್ತು. ಕೆಲಸ ನಿಂತು ವರ್ಷಗಳಾದ ಆ ಜಾಗದಲ್ಲಿ ಹುಲ್ಲು ಮಂಡಿಯೆತ್ತರ ಬೆಳೆದಿತ್ತು. ಹೊಳೆಯ ಕಡೆಯ ಗೋಡೆ ಒಂದು ಕಡೆ ಕುಸಿದು ಎತ್ತಿನಗಾಡಿ ಹಾಯುವಷ್ಟು ತೆರಪಾಗಿತ್ತು. ಹಿಂಡು ಒಳಗೆ ಬಂದದ್ದು ಅಲ್ಲಿಂದಲೇ, ಹೊರಗೆ ಹೋಗಬೇಕಾದ್ದೂ ಅಲ್ಲಿಂದಲೇ. ಎದುರು ಬದಿಯಲ್ಲಿ ಮುರಿದ ಗೇಟು, ಅದರಾಚೆ ಹೈವೇ, ಗುಡುಗಿಕೊಂಡು ಹೋಗುವ ಲಾರಿಗಳು. ಹುಲ್ಲಿನ ನಡುವೆ ಚಿಗರಿಗಳು ನಿಂತಿದ್ದವು. ಬೆಳಗಿನ ಬಿಸಿಲು ಬಿದ್ದ ಜೋಳದ ಬಣ್ಣದ ಹೆಣ್ಣುಗಳು, ಅವುಗಳ ಹೊಟ್ಟೆಗೆ ಅಂಟಿದ ಎಳೆಮರಿಗಳು, ಸುರುಳಿ ಕೊಂಬು ಹೊತ್ತ ಒಂದು ಕರಿಯ ಗಂಡು. ಇಷ್ಟು ಚಂದದ ಜೀವಗಳನ್ನು ದೂರದಿಂದ ಕೂಗಿಗೆ ಓಡುವ ಮೈಗಳನ್ನಾಗಿಯೇ ನೆನಪಿಟ್ಟುಕೊಂಡಿದ್ದೆನಲ್ಲ ಎಂದು ಸೂರಪ್ಪನಿಗೆ ಅನಿಸಿತು.

ಗೇಟಿನ ಒಳಬದಿಯಲ್ಲಿ ಕೂಗಿನವರು ಸಾಲಾದರು. ಮೇಡಂ ಗಿರಣಿಯ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿ ಇಳಿಸಿದರು.

ಸೂರಪ್ಪ ಮೊದಲ ಕೂಗು ಹಾಕಿದ. ಅಪ್ಪನ ಕೂಗು, ಅಜ್ಜನ ಕೂಗು, ಅವನೊಳಗೆ ಇಷ್ಟು ದಿನ ಬಸ್ಸುಗಳ ಹೆಸರು ಹೊತ್ತು ಕಾದಿದ್ದ ಕೂಗು. ಎಡಕ್ಕೆ ಓಗೊಟ್ಟಿತು, ಬಲಕ್ಕೆ ಓಗೊಟ್ಟಿತು, ಸಾಲಿಗೆ ಸಾಲೇ ಎದ್ದಿತು. ಹಿಂಡು ಕತ್ತೆತ್ತಿತು. ಮುಂದಾಳು ಹೆಣ್ಣು ಕಿವಿ ತಿರುಗಿಸಿ ಹೊಳೆಯ ಕಡೆಗೆ ನೆಗೆಯಿತು, ಉಳಿದವು ಅದರ ಹಿಂದೆ ಹರಿದವು. ಸೂರಪ್ಪನ ಕಣ್ಣಲ್ಲಿ ನೀರು ಬಂತು. ಇನ್ನೇನು ಅಷ್ಟು ದೂರ, ಇಷ್ಟು ದೂರ, ಗೋಡೆಯ ತೆರಪು ಬಂತು ಎನ್ನುವಷ್ಟರಲ್ಲಿ ಮುಂದಾಳು ಗಕ್ಕನೆ ನಿಂತು, ಮೂಗರಳಿಸಿ, ಗಾಳಿಯಲ್ಲೇ ಮೈ ತಿರುಗಿಸಿ ಹಿಂದಕ್ಕೆ ಹಾರಿತು. ಇಡೀ ಹಿಂಡು ಕೂಗಿನವರ ಮೇಲೆಯೇ ಬಂತು.

"ಕುಂಡ್ರಿ! ಬಾಯಿ ಮುಚ್ರಿ!" ಎಂದು ಚೀರಿ ಸೂರಪ್ಪ ನೆಲಕ್ಕೆ ಬಿದ್ದ. ಗೊರಸುಗಳು ತಲೆಯ ಮೇಲಿಂದ ಹಾದವು. ಕರಿಯ ಗಂಡು ಸಿಮೆಂಟಿನ ಹಳೆಯ ಕಟ್ಟೆಯ ಮೇಲೆ ಜಾರಿ ಮಗ್ಗುಲಾಗಿ ಬಿತ್ತು. ಒಂದು ಗಳಿಗೆ ಅದು ಏಳಲಿಲ್ಲ. ಆಮೇಲೆ ಅದು ಕಾಲು ಝಾಡಿಸಿ, ಎದ್ದು, ತಲೆ ಕೊಡವಿ, ಹಿಂಡಿನ ಜೊತೆಗೆ ಗಿರಣಿಯ ಮೂಲೆಗೆ ಹೋಗಿ ಏದುಸಿರು ಬಿಡುತ್ತ ನಿಂತಿತು.

ಗೋಡೆಯ ತೆರಪಿನಲ್ಲಿ ನಾಲ್ಕಾರು ತಲೆಗಳು ಎದ್ದವು. ನಡುವೆ ಹಾಲೇಶಪ್ಪನ ಮೀಸೆ. ಬಲೆಯವರು ಹಿಂದೆ ಇರುತ್ತೇವೆಂದದ್ದು ನಿಜ. ಆದರೆ ಹಿಂಡು ಬರುವ ದಾರಿ ಯಾವುದೆಂದು ಕಣ್ಣಿಗೆ ಕಂಡದ್ದೇ ತಡ, ಕಾಲುಗಳು ತಾವಾಗಿ ನಡೆದು, ಇಲ್ಲದ ಬಲೆಯ ಹಿಂದೆ ಎಲ್ಲರೂ ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಹೋಗಬೇಕಾದ ಬಾಗಿಲನ್ನೇ ಮುಚ್ಚಿಕೊಂಡು!

"ಬಾವಾ! ಅಲ್ಲಿ ಏನ್ ಮಾಡ್ತಿದ್ದಿ?"

"ಚಿಗರಿ ಬರೋ ಜಾಗದಾಗೆ ಕುಂತಿದ್ದೆ" ಎಂದ ಹಾಲೇಶಪ್ಪ. ಹೇಳುತ್ತ ಹೇಳುತ್ತ ಏನು ಮಾಡಿದೆನೆಂಬುದು ಅವನಿಗೇ ಹೊಳೆದು, ಮುಖ ಇಳಿದುಹೋಯಿತು. "ಮತ್ತೆಲ್ಲಿ ಕುಂದ್ರಬೇಕು? ಹುಟ್ಟಿದಾಗಿಂದ ಅಲ್ಲೇ ಕುಂತೀನಿ."

ಮೇಡಂ ಓಡಿಬಂದರು. "ಸಾಕು ನಿಲ್ಸಿ. ಆ ಗಂಡು ಸತ್ತೇಹೋಯ್ತು ಅಂದ್ಕೊಂಡೆ. ಇನ್ನು ಬೇಡ."

ಸೂರಪ್ಪನ ಎದೆಯೊಳಗಿನ ಹಬ್ಬವೆಲ್ಲ ಒಮ್ಮೆಲೇ ಇಳಿಯಿತು. ಈಗ ನಿಲ್ಲಿಸಿದರೆ ಮುಂದೆಂದೂ ಇಲ್ಲ. "ಇನ್ನೊಂದು ಸಲ ರೀ. ತಪ್ಪು ನಮ್ದು, ಕೂಗಿನದಲ್ಲ. ಬಾಗ್ಲು ತೆರೆದಿದ್ರೆ ಅವು ಹೋಗ್ತಿದ್ವು. ನೀವೇ ನೋಡಿದ್ರಲ್ಲ, ತೆರಪಿನ ತನಕ ನೆಟ್ಟಗೆ ಹೋದ್ವು."

ಮೇಡಂ ಮೂಲೆಯಲ್ಲಿ ನಿಂತ ಹಿಂಡನ್ನು ನೋಡಿದರು. ಅವರ ಮುಖದಲ್ಲೂ ಆಸೆ ಇತ್ತು. ಬಲೆ ಹಾಕುವುದು ಅವರಿಗೂ ಬೇಡವಾಗಿತ್ತು. "ಒಂದು ಷರತ್ತು. ಅವು ಮತ್ತೆ ತಲೆ ಬಗ್ಗಿಸಿ ಮೇಯೋಕೆ ಶುರು ಮಾಡೋ ತನಕ ಯಾರೂ ಅಲುಗಾಡಬಾರ್ದು. ಮೇಯ್ತಿದೆ ಅಂದ್ರೆ ಎದೆ ಬಡಿತ ಇಳಿದಿದೆ ಅಂತ ಅರ್ಥ. ಇನ್ನೊಂದು ಮಾತು, ಅಷ್ಟು ಜೋರಾಗಿ ಯಾಕೆ ಕೂಗ್ತೀರಿ? ಈಗ ನೀವು ಅವನ್ನ ಬಲೆಗೆ ಬೀಳಿಸೋದಿಲ್ವಲ್ಲ. ನಡೆದು ಹೋದ್ರೆ ಸಾಕಲ್ಲ?"

ಅಪ್ಪನ ಕೂಗು ಹೆದರಿಸುವ ಕೂಗು. ಕಣ್ಣು ಕತ್ತಲಾಗಿ ಬಲೆ ಕಾಣದಂತೆ ಓಡಿಸುವುದಕ್ಕಾಗಿಯೇ ಹುಟ್ಟಿದ್ದು. ಇದು ಸೂರಪ್ಪನಿಗೆ ಯಾವತ್ತೂ ಹೊಳೆದಿರಲಿಲ್ಲ.

ಎಲ್ಲರೂ ಗೋಡೆಯ ನೆರಳಿನಲ್ಲಿ ಕೂತರು. ಸೂರಪ್ಪ ಭಾವನ ಪಕ್ಕಕ್ಕೆ ಸರಿದು ಪಿಸುಮಾತಿನಲ್ಲಿ, "ಬಾವಾ, ನೀವು ಗೇಟಿನ ಕಡೆ ಹೋಗ್ರಿ" ಎಂದ.

"ಹೊರಗೆ ಹಾಕ್ತೀಯೇನಲೇ ನನ್ನ?"

"ಅಲ್ಲ. ಹಿಂಡೇನಾದ್ರೂ ನಮ್ಮ ಸಾಲು ಹರಿದು ಆ ಕಡೆ ಹಾರಿದ್ರೆ ಲಾರಿ ಅಡಿಗೆ ಹೋಗ್ತಾವೆ. ಅಲ್ಲಿ ತಡೆಯೋರು ಬೇಕು. ಆದ್ರೆ ಕುಂದ್ರಬ್ಯಾಡ್ರಿ. ನಿಂದ್ರಬೇಕು. ಕೈ ಅಗಲ ಮಾಡಿ, ಪಂಚೆ ಬಿಚ್ಚಿ ಹಾರಿಸ್ಕೊಂಡು, ದೂರಕ್ಕೇ ಕಾಣಬೇಕು ನೀವು."

"ಕಾಣಬೇಕಾ?" ಹಾಲೇಶಪ್ಪನಿಗೆ ನಗು ಬಂತು. "ಕಾಣದಂಗೆ ಕುಂದ್ರಾದು ಬಿಟ್ರೆ ನಂಗೆ ಬ್ಯಾರೆ ಏನ್ ಬರ್ತೈತೋ ಮಾರಾಯಾ."

"ಆ ಮೀಸೆ ಇಟ್ಕೊಂಡು ಕಾಣದಂಗೆ ಕುಂತಿದ್ದೇ ದೊಡ್ಡ ಮಾತು. ಹೋಗ್ರಿ."

ಹಾಲೇಶಪ್ಪ ತನ್ನವರನ್ನು ಕರೆದುಕೊಂಡು ಗೋಡೆಯ ಹೊರಗಿನಿಂದ ಸುತ್ತಿ ಗೇಟಿಗೆ ಹೋದ. ಬಿಸಿಲು ಏರಿತು. ಒಂದು ಮರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಮುಂದಾಳು ಹೆಣ್ಣು ಬಹಳ ಹೊತ್ತು ನಿಂತಿದ್ದು, ಕೊನೆಗೆ ತಲೆ ಬಗ್ಗಿಸಿ ಒಂದು ಬಾಯಿ ಹುಲ್ಲು ಕಿತ್ತಿತು. ಕರಿಯ ಗಂಡೂ ಬಗ್ಗಿತು. ಮೇಡಂ ಕಣ್ಣಲ್ಲೇ ಹೂಂ ಎಂದರು. ಕೂಗಿನವರು ಮೆಲ್ಲಗೆ ಎದ್ದು ಮತ್ತೆ ಗೇಟಿನ ಬದಿಯಲ್ಲಿ ಸಾಲಾದರು.

ಈ ಸಲ ಸೂರಪ್ಪ ಕೂಗಿದ್ದು ಅವನ ಮನೆಯಲ್ಲಿ ಯಾರೂ ಕೂಗದ ಕೂಗು. ಸಂಜೆ ದನ ಹೊಡೆದುಕೊಂಡು ಬರುವ ಹೆಂಗಸು ಹಿಂದಿನಿಂದ ಹೂಂ, ಹೂಂ ಎನ್ನುತ್ತ ನಡೆಯುತ್ತಾಳಲ್ಲ, ಅಂಥದು. ತಗ್ಗಿನಲ್ಲಿ ಹುಟ್ಟಿ, ಉದ್ದಕ್ಕೆ ಎಳೆದು, ಏಳದೆ ಇಳಿಯುವ ಕೂಗು. ಪಕ್ಕದವನು ಅರೆಗಳಿಗೆ ತಬ್ಬಿಬ್ಬಾಗಿ ಆಮೇಲೆ ಎಳೆ ಹಿಡಿದ. ಒಬ್ಬರಿಂದೊಬ್ಬರಿಗೆ ಅದು ಹರಡಿತು. ಸಾಲು ಒಂದೊಂದೇ ಹೆಜ್ಜೆ ಮುಂದಿಟ್ಟಿತು. ಹಿಂಡು ಕತ್ತೆತ್ತಿ, ಅತ್ತ ಇತ್ತ ನೋಡಿ, ಗೇಟಿನ ಕಡೆ ಪಂಚೆ ಬೀಸುತ್ತ ನಿಂತ ಮೀಸೆಯ ಗಂಡಸನ್ನು ನೋಡಿ, ಹೊಳೆಯ ಕಡೆಗೆ ತಿರುಗಿತು. ಮುಂದಾಳು ನಡೆಯಿತು. ನಡೆಯಿತು! ಓಡಲಿಲ್ಲ. ಮರಿಗಳು ಹಿಂದುಳಿದಾಗ ಸೂರಪ್ಪ ದನಿ ತಗ್ಗಿಸಿದ, ಅವು ಸೇರಿಕೊಂಡಾಗ ಮತ್ತೆ ಎತ್ತಿದ. ತೆರಪಿನ ಹತ್ತಿರ ಮುಂದಾಳು ನಿಂತು ಮೂಗರಳಿಸಿತು. ಸೂರಪ್ಪ ಉಸಿರನ್ನೇ ಕೂಗು ಮಾಡಿಕೊಂಡು ಸಣ್ಣಗೆ ಎಳೆದ. ಅದು ಕಲ್ಲಿನ ಮೇಲೆ ಒಂದು ಕಾಲಿಟ್ಟಿತು, ಇನ್ನೊಂದಿಟ್ಟಿತು, ಹೊರಗೆ ಜಿಗಿಯಿತು.

ಆಮೇಲೆ ಯಾರೂ ತಡೆಯಲಾರದ ಹಾಗೆ ಹಿಂಡು ಆ ತೆರಪಿನಲ್ಲಿ ಸುರಿಯಿತು. ಹೊಳೆಯ ಬೆಳ್ಳನೆಯ ಮರಳಿನ ಮೇಲೆ ಚಿಗರಿಗಳು ಒಂದಾದ ಮೇಲೊಂದು ಚಿಮ್ಮಿದವು, ನೆಲಕ್ಕೆ ಕಾಲು ತಾಗಿದ್ದೇ ಸುಳ್ಳೆನ್ನುವ ಹಾಗೆ. ಕೊನೆಗೆ ಕರಿಯ ಗಂಡು ಗೋಡೆಯ ಮೇಲೆ ನಿಂತು ಒಮ್ಮೆ ಹಿಂದಿರುಗಿ ನೋಡಿ ಹಾರಿತು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಹಾಲೇಶಪ್ಪ ಪಂಚೆ ಕೈಯಲ್ಲೇ ಹಿಡಿದುಕೊಂಡು, ಚಡ್ಡಿಯಲ್ಲೇ ಓಡೋಡಿ ಬಂದ. "ಹೋತು!" ಎಂದು ಕೂಗಿದ. "ಹೋತಲೇ! ಎಲ್ಲಾ ಹೋತು!"

ಬೇಟೆಯಲ್ಲಿ ಬಲೆಯವನ ಬಾಯಲ್ಲಿ ಬರಬಾರದ ಮಾತು ಅದು. ಬಲೆ ತಪ್ಪಿಸಿಕೊಂಡು ಚಿಗರಿ ಹೋಯಿತೆಂದರೆ ಅವನು ಮುಂದಿನ ಯುಗಾದಿಯವರೆಗೂ ಊರಿನವರ ಬಾಯಿಗೆ ಬೀಳಬೇಕು. ಅಂಥ ಮಾತನ್ನು ಬಲೆಯವರ ಹಿರಿಯ ಲಾಟರಿ ಹೊಡೆದವನಂತೆ ಕೂಗುತ್ತ, ಸೂರಪ್ಪನನ್ನು ತಬ್ಬಿಕೊಂಡು ಎತ್ತಿಬಿಟ್ಟ. ಕೂಗಿನವರೂ ಬಲೆಯವರೂ ಗಾರ್ಡುಗಳೂ ಸೇರಿ "ಹೋತು, ಹೋತು" ಎಂದು ಕುಣಿದರು. ನೇತ್ರಾವತಿ ಮೇಡಂ ಮೆಟ್ಟಿಲ ಮೇಲೆ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.

ಕಾಯ್ದೆ ಒಂದೇ ದಿನಕ್ಕೆ ಬದಲಾಗುವುದಿಲ್ಲ. ಮೇಡಂ ಶಿಫಾರಸು ಬರೆದರು, ಮೇಲಿನವರು ಅದನ್ನು ತಿರುವಿ ನೋಡಿದರು, ಪ್ರಶ್ನೆ ಕೇಳಿದರು, ಮತ್ತೆ ತಿರುವಿದರು. ಸೂರಪ್ಪ ಬಸ್ ನಿಲ್ದಾಣದಲ್ಲಿ ಕೂಗುತ್ತ ಕಾದ. ಮಳೆಗಾಲದ ನಡುವೆ ಉತ್ತರ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ. ಕಾಯ್ದೆಯ ಮಾತು ಇದ್ದ ಹಾಗೇ ಇತ್ತು, ಬಲೆಗಳಂತೂ ಬರಲೇ ಇಲ್ಲ. ಆದರೆ ಇಲಾಖೆಯವರು ಎದುರಿಗಿದ್ದು, ಬಲೆ, ಕೋಲು, ನಾಯಿ ಏನೂ ಇಲ್ಲದೆ, ಹೊಲಕ್ಕೆ ಬಿದ್ದ ಚಿಗರಿಗಳನ್ನು ಗುತ್ತೂರಿನವರು ಕೂಗಿ ದಾಟಿಸಬಹುದು, ಒಂದು ವರ್ಷ ನೋಡೋಣ ಎಂದಿತ್ತು ಆ ಉತ್ತರ. "ಒಂದು ವರ್ಷ ಅಂದ್ರೆ ಒಂದು ವರ್ಷ" ಎಂದು ಹಾಲೇಶಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. ಮುಂದಿನ ಸಭೆಯಲ್ಲಿ ಪಂಚೆ ಬೀಸುವವರಿಗೂ ಕಾಯ್ದೆಯಲ್ಲಿ ಒಂದು ಜಾಗ ಕೇಳಬೇಕೆಂದು ಅವನು ಅಲ್ಲಿಯೇ ವಾದ ಶುರುಮಾಡಿದ.

ಹೊಳೆ ಇಳಿದು, ಹಿಂಗಾರಿನ ಮೆಕ್ಕೆಜೋಳ ಮೊಣಕಾಲೆತ್ತರ ಬಂದ ಒಂದು ಬೆಳಗ್ಗೆ, ಬಸ್ ತುಂಬುವ ಹೊತ್ತಿನಲ್ಲಿ ಸೂರಪ್ಪನ ಮೊಬೈಲು ಹೊಡೆದುಕೊಂಡಿತು. ಹೊಳೆದಂಡೆಯ ಹೊಲದವನ ದನಿ ಏದುತ್ತಿತ್ತು.

"ಸೂರಪ್ಪಣ್ಣಾ, ಚಿಗರಿ ಬಿದ್ದಾವೆ ನಮ್ಮ ಹೊಲದಾಗೆ. ಬರ್ರಿ ಬೇಗ!"

"ಮೇಡಮ್ಮೋರಿಗೆ ಹೇಳಿದಿಯಾ?"

"ಅವ್ರ ಜೀಪು ಆಗ್ಲೇ ಹೊಂಟೈತೆ. ನಿಮ್ಮನ್ನ ಸ್ಟ್ಯಾಂಡಿನಾಗೇ ಹತ್ತಿಸ್ಕೊಂತಾರಂತೆ. ನೀವು ಅಲ್ಲೇ ನಿಂದ್ರಿ!"

ಸೂರಪ್ಪನ ಬಾಯಲ್ಲಿ ಅರ್ಧ ಹೊರಟಿದ್ದ ಮಲೇಬೆನ್ನೂರು ಅಲ್ಲೇ ನಿಂತಿತು. ಕಂಡಕ್ಟರು ಬಾಗಿಲಿನಿಂದ ಇಣುಕಿ, "ಯಾಕಣ್ಣಾ, ಕೂಗು" ಎಂದ. ಸೂರಪ್ಪ ತುಟಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಕೈಯಾಡಿಸಿ ಆಗುವುದಿಲ್ಲವೆಂದ. ಆಮೇಲೆ ದಾವಣಗೆರೆ ರಸ್ತೆಯ ಕಡೆಗೆ ಕತ್ತು ಉದ್ದ ಮಾಡಿ, ಹಸಿರು ಜೀಪು ಎಲ್ಲಿ ಎಂದು ಹುಡುಕತೊಡಗಿದ.